ನರ್ಸಮ್ಮ ಕಂಡದ್ದು, ಸಂಘ ಮಾಡಬೇಕಾದ್ದು

(ದೊಡ್ಡಬಳ್ಳಾಪುರ ತಾಲ್ಲೂಕಿನ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಹೆಣ್ಣುಮಗಳೊಬ್ಬಳು ಮೈ ಸುಟ್ಟುಕೊಂಡರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಜೀವ ಉಳಿದರೆ ಕೆಲವು ವಾರಗಳಲ್ಲಿ ಮನೆಗೆ ಕಳಿಸುತ್ತಾರೆ. ಆದರೆ ಆರೈಕೆ ಅಲ್ಲಿಗೆ ಮುಗಿಯುವುದಿಲ್ಲ. ಇನ್ನೂ ಆರು ತಿಂಗಳೋ ಒಂದು ವರ್ಷವೋ ಅದು ಮನೆಯಲ್ಲಿ ನಡೆಯಬೇಕು. ಆ ಮನೆಯವರೇ ಬೆಂಕಿ ಇಟ್ಟವರಾಗಿದ್ದರೆ ಅವಳ ಗತಿಯೇನು? ಇವತ್ತು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

1990ರ ದಶಕದಲ್ಲಿ ವಿಮೋಚನಾ ಸಂಘಟನೆಯ ಹೆಂಗಸರು ಬೆಂಗಳೂರಿನಲ್ಲಿ ಮದುವೆಯಾದ ಹೆಣ್ಣುಮಕ್ಕಳ ಅಸಹಜ ಸಾವುಗಳ ಬೆನ್ನುಹತ್ತಿ ಹೋದರು. ಎಷ್ಟೋ ಸಾವುಗಳು ದಾಖಲೆಯಲ್ಲಿ "ಸ್ಟವ್ ಸಿಡಿದು" ಎಂದು ಮುಚ್ಚಿಹೋಗಿದ್ದವು. ಇಂದು ಹೆಚ್ಚಿನ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ "ಅಡುಗೆ ಮಾಡುವಾಗ ಸೀರೆಗೆ ತಾಗಿತು", "ಮೆಟ್ಟಿಲ ಮೇಲೆ ಜಾರಿದಳು" ಎಂಬ ಮಾತುಗಳು ನಿಂತಿಲ್ಲ.

ಮನೆಯ ಹೊರಗಿನವರಲ್ಲಿ ಅವಳ ಮೈಯನ್ನು ಮೊದಲು ನೋಡುವವಳು ನರ್ಸಮ್ಮ. ಗಾಯ ತೊಳೆಯುವವಳು, ಬಟ್ಟೆ ಬದಲಿಸುವವಳು, ರಾತ್ರಿ ಪಾಳಿಯಲ್ಲಿ ನರಳಾಟ ಕೇಳುವವಳು ಅವಳೇ. ಹೊಸ ಗಾಯದ ಪಕ್ಕದಲ್ಲಿರುವ ಹಳೆಯ ಬಾಸುಂಡೆಯೂ ಅವಳ ಕಣ್ಣಿಗೆ ಬೀಳುತ್ತದೆ. ಆದರೆ ಹಾಸಿಗೆಯ ತಲೆದೆಸೆಯಲ್ಲಿ ಗಂಡ ನಿಂತಿರುತ್ತಾನೆ, ಕಾಲದೆಸೆಯಲ್ಲಿ ಅತ್ತೆ. "ಹೇಗಾಯಿತಮ್ಮ?" ಎಂದು ಕೇಳಿದರೆ ಉತ್ತರ ಅವರಿಂದಲೇ ಬರುತ್ತದೆ. "ಡ್ರೆಸ್ಸಿಂಗ್ ಮಾಡಬೇಕು, ಎಲ್ಲರೂ ಹೊರಗೆ ಹೋಗಿ" ಎಂದು ನರ್ಸಮ್ಮ ಹೇಳಿದಾಗಲೇ ಆ ಹೆಣ್ಣುಮಗಳಿಗೆ ಬಾಯಿ ಬರುವುದು. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದಿಟ್ಟರೆ, ವೈದ್ಯರಿಗೆ ಕೂಡಲೇ ತಿಳಿಸಿದರೆ, ನಾಳೆ ನ್ಯಾಯಾಲಯದಲ್ಲಿ ಆ ಕಾಗದವೂ ಸಾಕ್ಷಿ ನುಡಿಯುತ್ತದೆ.

ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದ ಹೊತ್ತಿಗೆ "ದಿಲಾಸಾ" ಎಂಬ ಕೇಂದ್ರ ಶುರುವಾಯಿತು. ಹೊಡೆತ ತಿಂದು ಬಂದವರನ್ನು ಗುರುತಿಸಿ ಧೈರ್ಯ ಹೇಳಲು ಅಲ್ಲಿ ನರ್ಸುಗಳಿಗೂ ವೈದ್ಯರಿಗೂ ತರಬೇತಿ ಕೊಟ್ಟರು. ದೌರ್ಜನ್ಯವೂ ಆರೋಗ್ಯದ ಪ್ರಶ್ನೆಯೇ ಎಂದು ಆಸ್ಪತ್ರೆಯೊಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಕಾನೂನೂ ನಮ್ಮ ಕಡೆಗಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ನೊಂದ ಹೆಂಗಸಿಗೆ ಚಿಕಿತ್ಸೆ ಕೊಡಬೇಕು. ದೂರಿನ ಕಾಗದ ಇಲ್ಲವೆಂದು ವಾಪಸು ಕಳಿಸುವಂತಿಲ್ಲ. ಕೌಟುಂಬಿಕ ಘಟನಾ ವರದಿ ಆಗಿರದಿದ್ದರೆ ಆಸ್ಪತ್ರೆಯವರೇ ಅದನ್ನು ತುಂಬಿ ರಕ್ಷಣಾಧಿಕಾರಿಗೆ ಕಳಿಸಬೇಕು. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ವೈದ್ಯಕೀಯ ವರದಿಯ ಪ್ರತಿಯನ್ನು ಅವಳಿಗೆ ಪುಕ್ಕಟೆಯಾಗಿ ಕೊಡಬೇಕು. ಕೇಳಿ ಪಡೆಯಿರಿ. ಹಿಂದೆ 498ಎ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ.

ಇನ್ನು ಮನೆಯ ಆರೈಕೆ. ಬೆಂಕಿ ತಾಗಿದ ಕೂಡಲೇ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಬಳೆ, ಉಂಗುರ ತೆಗೆಯಿರಿ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ. ಇಂಕು, ಟೂತ್‌ಪೇಸ್ಟು, ಅರಿಶಿನ ಯಾವುದೂ ಬೇಡ. ಒಗೆದ ಬಟ್ಟೆ ಹೊದಿಸಿ 108ಕ್ಕೆ ಫೋನು ಮಾಡಿ.

ಆಸ್ಪತ್ರೆಯಿಂದ ಬಂದ ಮೇಲೆ ನರ್ಸಮ್ಮ ಹೇಳಿಕೊಟ್ಟದ್ದನ್ನು ದಿನಾ ಮಾಡಿಸಬೇಕು. ಕತ್ತು, ಮೊಣಕೈ, ಬೆರಳು ಎಷ್ಟು ನೋವಾದರೂ ಆಡಿಸದಿದ್ದರೆ ಚರ್ಮ ಬಿಗಿದು ಕತ್ತು ಎದೆಗೆ ಅಂಟಿದ ಹಾಗಾಗುತ್ತದೆ. ಕಲೆ ಉಬ್ಬದಂತೆ ಕೊಟ್ಟ ಬಿಗಿಬಟ್ಟೆಯನ್ನು ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ ತೊಡಬೇಕು. ಮೊಟ್ಟೆ, ಬೇಳೆ, ಕಾಳು, ಹಾಲು ಹೆಚ್ಚಿಗೆ ಬೇಕು. ಗಾಯ ತುಂಬುವುದು ಅದರಿಂದಲೇ. "ಇವಳಿಗೆ ಇನ್ನೆಷ್ಟು ಖರ್ಚು?" ಎಂದು ಗೊಣಗುವ ಮನೆಯಲ್ಲಿ ಇದಾವುದೂ ನಡೆಯುವುದಿಲ್ಲ. ಬೆಂಕಿ ಕೊಲ್ಲದವಳನ್ನು ಅಲಕ್ಷ್ಯ ಕೊಲ್ಲುತ್ತದೆ.

ಗರ್ಭಿಣಿಯರ ವಿಷಯವೂ ಹೀಗೆಯೇ. ನರ್ಸಮ್ಮ ತಾಯಿ ಕಾರ್ಡಿನಲ್ಲಿ ರಕ್ತ ಕಡಿಮೆ ಎಂದು ಬರೆದು ಕಬ್ಬಿಣದ ಮಾತ್ರೆ ಕೊಡುತ್ತಾಳೆ. ತವರಿನಿಂದ ದುಡ್ಡು ತರಲಿಲ್ಲವೆಂದು ಸೊಸೆಗೆ ಊಟ ಕಡಿಮೆ ಮಾಡಿದ್ದರೆ ಬರೀ ಮಾತ್ರೆಯಿಂದ ರಕ್ತ ಏರೀತೇ?

ಆದ್ದರಿಂದ ಸಂಘದ ಕೆಲಸ ಇಷ್ಟು. ಆಸ್ಪತ್ರೆಗೆ ಹೋಗುವಾಗ ಸಂಘದ ಒಬ್ಬಳು ಜೊತೆಗಿರಲಿ. ಚೀಟಿ, ವರದಿ, ಕಾರ್ಡು ಎಲ್ಲದರ ನಕಲನ್ನು ಅವಳ ಒಪ್ಪಿಗೆ ಪಡೆದು ಜೋಪಾನ ಮಾಡಿ. ಬಸ್ಸಿನ ಖರ್ಚಿಗೆ, ಡ್ರೆಸ್ಸಿಂಗ್‌ಗೆ ಸಂಘದ ಉಳಿತಾಯದಿಂದ ಸಾಲ ಕೊಡಿ. ವಾರಕ್ಕೆರಡು ಸಲ ಇಬ್ಬರಾಗಿ ಅವಳ ಮನೆಗೆ ಹೋಗಿ, ಹಿಂದಿರುಗಿ ಉಪಕೇಂದ್ರದ ನರ್ಸಮ್ಮನಿಗೆ, ಆಶಾ ಕಾರ್ಯಕರ್ತೆಗೆ ತಿಳಿಸಿ. ಮನೆಗೆ ಹಿಂದಿರುಗಲು ಅವಳಿಗೆ ಭಯವಿದ್ದರೆ ಬಲವಂತ ಮಾಡಬೇಡಿ, 181ಕ್ಕೆ ಫೋನು ಮಾಡಿ. ಅವಳು ಹೇಳಿದ ಮಾತು ಹಟ್ಟಿಯ ಹರಟೆಯಾಗದಿರಲಿ.

ಇನ್ನೊಂದು ಮಾತು. ಒಂದು ವಾರ್ಡಿಗೆ ಒಬ್ಬಳೇ ನರ್ಸಮ್ಮ ಇದ್ದರೆ ಕೂತು ಮಾತು ಕೇಳಲು ಅವಳಿಗೆ ಹೊತ್ತೆಲ್ಲಿದೆ? ಸಿಡುಕಿದಳೆಂದು ಬೈಯುವ ಮೊದಲು ಗ್ರಾಮಸಭೆಯಲ್ಲಿ ಎದ್ದು ನಿಂತು, ಖಾಲಿ ಇರುವ ಹುದ್ದೆ ತುಂಬಿ ಎಂದು ಕೇಳೋಣ. ಅವಳೂ ನಮ್ಮ ಹಾಗೆ ದುಡಿಯುವ ಹೆಣ್ಣೇ. ಆಸ್ಪತ್ರೆಯ ಬಾಗಿಲಿನವರೆಗೆ ಅವಳು ಕೈಹಿಡಿದು ತಂದ ಜೀವವನ್ನು ಅಲ್ಲಿಂದ ಮುಂದಕ್ಕೆ ನಾವು ಕೈಹಿಡಿದು ನಡೆಸೋಣ.