ನಮ್ಮ ಊರಿನ ಸಮೀಕ್ಷೆ ನಮ್ಮಿಂದಲೇ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)

 

ಎಸ್‌ಎಸ್‌ಎಲ್‌ಸಿ ಪಾಸಾದ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಮುಂದೆ ಓದುತ್ತಿದ್ದಾರೆ? ಬಿಟ್ಟವರು ಏಕೆ ಬಿಟ್ಟರು? ಪ್ರತಿ ಸಭೆಯಲ್ಲೂ ಈ ಮಾತು ಬರುತ್ತದೆ. ಒಬ್ಬರು ಬಡತನ ಎನ್ನುತ್ತಾರೆ, ಇನ್ನೊಬ್ಬರು ಮದುವೆ ಎನ್ನುತ್ತಾರೆ. ಲೆಕ್ಕ ಮಾತ್ರ ಯಾರ ಬಳಿಯೂ ಇಲ್ಲ. 2006ರ ಸಾಚಾರ್ ಸಮಿತಿಯ ವರದಿ ಇಡೀ ದೇಶದ ಮುಸ್ಲಿಮರ ಶೈಕ್ಷಣಿಕ ಸ್ಥಿತಿಯನ್ನು ಅಂಕಿಅಂಶಗಳ ಸಮೇತ ಮುಂದಿಟ್ಟಿತು. ಆದರೆ ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಅಥವಾ ಸೊರಬ ತಾಲ್ಲೂಕಿನ ಆನವಟ್ಟಿಯ ಒಂದು ಓಣಿಯ ಸ್ಥಿತಿ ತಿಳಿಯಬೇಕಾದರೆ ನಾವೇ ಮನೆಮನೆಗೆ ಹೋಗಬೇಕು.

ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದೆ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಎಣಿಸಿದೆ. ಮೂರು ಸಲ ಕೂಡಿಸಿದರೆ ಮೂರು ಬೇರೆ ಮೊತ್ತ ಬಂತು. ಆ ಪುಸ್ತಕ ಇಂದಿಗೂ ಬೀರುವಿನಲ್ಲೇ ಇದೆ.

ಈಗ ಈ ಕೆಲಸಕ್ಕೆ ಪ್ರೋಗ್ರಾಮಿಂಗ್ ಕಲಿಯಬೇಕಿಲ್ಲ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಓಪನ್ ಡೇಟಾ ಕಿಟ್, ಅದರ ಆಧಾರದ ಮೇಲೆ ಬೆಳೆದ ಕೋಬೋ ಟೂಲ್‌ಬಾಕ್ಸ್ ಇಂಥ ತಂತ್ರಾಂಶಗಳು. ಎಕ್ಸೆಲ್ ಹಾಳೆಯಲ್ಲಿ ಸಾಲಿಗೊಂದು ಪ್ರಶ್ನೆ ಬರೆದರೆ ಅದೇ ಮೊಬೈಲಿನಲ್ಲಿ ಪ್ರಶ್ನಾವಳಿಯಾಗುತ್ತದೆ. ಒಂದೇ ಪ್ರಶ್ನೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಕೊಡಬಹುದು. "ಓದುತ್ತಿದ್ದಾಳೆ" ಎಂಬ ಉತ್ತರ ಬಂದರೆ "ಏಕೆ ಬಿಟ್ಟಳು" ಎಂಬ ಪ್ರಶ್ನೆ ತಾನಾಗಿಯೇ ಬಾರದಂತೆ ಮಾಡಬಹುದು. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ತುಂಬಿ ಆಮೇಲೆ ಕಳುಹಿಸಬಹುದು. ಕೂಡಿಸುವ ಕೆಲಸ ತಂತ್ರಾಂಶದ್ದು. 2025ರಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರು ಮೊಬೈಲ್ ಆ್ಯಪ್ ಹಿಡಿದೇ ಮನೆಮನೆಗೆ ಹೋದರು. ಹಾಗಾಗಿ ಇದು ನಮಗೆ ಹೊಸದೇನಲ್ಲ.

ಆದರೆ ಒಂದು ಎಚ್ಚರ ಬೇಕು. ಉತ್ತರಗಳ ಪಟ್ಟಿಯಲ್ಲಿ ಬಡತನ, ಮದುವೆ ಎರಡನ್ನೇ ಇಟ್ಟರೆ ಫಲಿತಾಂಶದಲ್ಲೂ ಅವೆರಡೇ ಬರುತ್ತವೆ. ಸಂಜೆ ಕಾಲೇಜು ಬಿಟ್ಟ ಮೇಲೆ ಊರಿಗೆ ಬಸ್ಸಿಲ್ಲ ಎಂಬುದು, ಉರ್ದು ಮಾಧ್ಯಮದಲ್ಲಿ ಓದಿದವಳಿಗೆ ಪಿಯುಸಿ ಪಾಠ ಅರ್ಥವಾಗಲಿಲ್ಲ ಎಂಬುದು ಎಲ್ಲಿಯೂ ಕಾಣುವುದಿಲ್ಲ. ಆದ್ದರಿಂದ ಮೊದಲು ಹತ್ತು ಮನೆಗಳಲ್ಲಿ ಫೋನನ್ನು ಜೇಬಿನಲ್ಲಿಟ್ಟು ಸುಮ್ಮನೆ ಅವರ ಮಾತು ಕೇಳಿ. ನಂತರ ಪಟ್ಟಿ ಮಾಡಿ. ಹುಡುಗಿಯ ಮತ್ತು ಮನೆಯವರ ಒಪ್ಪಿಗೆ ಪಡೆಯಿರಿ. ಹೆಸರು ಬರೆದುಕೊಳ್ಳಬೇಡಿ.

ಎರಡೂ ತಾಲ್ಲೂಕಿನ ಪದವಿ ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದೊಂದು ಓಣಿ ವಹಿಸಿಕೊಂಡರೆ ಮುಂದಿನ ವರ್ಷ ಇದೇ ವೇದಿಕೆಯಲ್ಲಿ ವಾದದ ಬದಲು ಲೆಕ್ಕ ಮುಂದಿಡಬಹುದು. ಬಸ್ಸು ಬೇಕೆಂದು ಅರ್ಜಿ ಕೊಡಲು ಹೋಗುವವರ ಕೈಯಲ್ಲಿ ಆ ಲೆಕ್ಕವೂ ಇರಲಿ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿರಿ.