ಮಗಳು ಸಮಾಜಶಾಸ್ತ್ರ ಓದಿದರೆ ಏನು ಬಂತು?

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಸಂಘದ ಅಕ್ಕ-ತಂಗಿಯರೇ,

ನಾನು ಬಿ.ಎ. ತರಗತಿಗೆ ಸಮಾಜಶಾಸ್ತ್ರ ಪಾಠ ಹೇಳುವವಳು. ನನ್ನ ತರಗತಿಯಲ್ಲಿ ಹುಡುಗಿಯರೇ ಹೆಚ್ಚು. ಈ ವಿಷಯ ಯಾಕೆ ತಗೊಂಡಿರಿ ಎಂದು ಕೇಳಿದರೆ ಹಲವರು ಹೇಳುವುದು ಒಂದೇ: "ಫೀಸು ಕಡಿಮೆ ಮೇಡಂ, ಗಂಡು ಗೊತ್ತಾಗುವವರೆಗೆ ಓದು ಅಂತ ಮನೆಯಲ್ಲಿ ಸೇರಿಸಿದರು." ಅವರ ತಾಯಂದಿರು ಕೇಳುವುದು ಇನ್ನೊಂದು: "ಇದನ್ನು ಓದಿದರೆ ಏನು ಬಂತು?" ಕೂಲಿ ಮಾಡಿ ಫೀಸು ಕಟ್ಟುವವರು ಈ ಪ್ರಶ್ನೆ ಕೇಳಲೇಬೇಕು. ಇವತ್ತು ಅದಕ್ಕೆ ನನಗೆ ತಿಳಿದ ಉತ್ತರ ಹೇಳುತ್ತೇನೆ.

ಕೆಲಸದ ಮಾತು ಮೊದಲು ಮುಗಿಸೋಣ. ಬಿ.ಎ. ಆದ ಮೇಲೆ ಎಂ.ಎ., ಎಂ.ಎಸ್.ಡಬ್ಲ್ಯು. ಓದಬಹುದು, ಪದವಿ ಕೇಳುವ ಸರ್ಕಾರಿ ಪರೀಕ್ಷೆಗಳಿಗೆ ಕೂರಬಹುದು. ಎಲ್ಲರಿಗೂ ನೌಕರಿ ಸಿಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಈ ಓದಿನಲ್ಲಿ ಇನ್ನೊಂದು ಗಳಿಕೆ ಇದೆ. ನಮ್ಮ ಮನೆಯ ಕಷ್ಟವನ್ನು ನೋಡುವ ಕಣ್ಣು ಬದಲಾಗುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲಿ ಬರುವ ಒಂದು ವಿಚಾರವನ್ನು ನಾವು ಮಕ್ಕಳಿಗೆ ಮೊದಲೇ ಹೇಳಿಕೊಡುತ್ತೇವೆ. ದೊಡ್ಡ ಊರಿನಲ್ಲಿ ಒಬ್ಬನಿಗೆ ಮಾತ್ರ ಕೆಲಸ ಇಲ್ಲದಿದ್ದರೆ ಅವನ ಗುಣ, ಅವನ ಕಸುಬು ನೋಡಬೇಕು. ಲಕ್ಷಾಂತರ ಜನಕ್ಕೆ ಕೆಲಸ ಇಲ್ಲದಿದ್ದರೆ ಒಬ್ಬೊಬ್ಬರ ಗುಣ ನೋಡಿ ಪ್ರಯೋಜನವಿಲ್ಲ, ದೇಶದ ವ್ಯವಸ್ಥೆಯನ್ನೇ ನೋಡಬೇಕು. ಇದನ್ನು ನಮ್ಮ ಬೀದಿಗೆ ತನ್ನಿ. ಸೊಸೆಗೆ ಹೊಡೆತ ಬಿದ್ದರೆ ನಾವು ಏನು ಕೇಳುತ್ತೇವೆ? "ಇವಳೇನು ಮಾಡಿದಳು? ಬಾಯಿ ಜೋರಾ? ಹೊಂದಿಕೊಂಡು ಹೋಗಬೇಕಿತ್ತು." ಕೊನೆಗೆ, "ಅವಳ ಹಣೆಬರಹ." ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು 6,000ಕ್ಕೂ ಹೆಚ್ಚು. ದಿನಕ್ಕೆ ಹದಿನಾರಕ್ಕೂ ಮೇಲೆ. ಇಷ್ಟು ಹೆಣ್ಣುಮಕ್ಕಳ ಹಣೆಯಲ್ಲಿ ಒಂದೇ ಬರಹ ಬರೆದವರು ಯಾರು ಎಂದು ಕೇಳಲು ಶುರುಮಾಡಿದಾಗ ಸಮಾಜಶಾಸ್ತ್ರ ಶುರುವಾಗುತ್ತದೆ.

ಸ್ಟವ್ ಸಿಡಿದ ಕಥೆ ನಿಮಗೆ ಗೊತ್ತು. ಸುಟ್ಟು ಸತ್ತ ಸೊಸೆಯರ ಬಗ್ಗೆ ಪೊಲೀಸ್ ಕಾಗದದಲ್ಲಿ "ಅಡುಗೆಮನೆ ಅಪಘಾತ" ಎಂದು ಬರೆಯುತ್ತಿದ್ದರು. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದಲ್ಲಿ ಇಂಥ ಸಾವುಗಳ ದಾಖಲೆಗಳನ್ನು ಕಲೆಹಾಕಿ ಪರಿಶೀಲಿಸಿದರು. ಅತ್ತೆ, ನಾದಿನಿ, ಗಂಡ ಇರುವ ಮನೆಯಲ್ಲಿ ಸ್ಟವ್ ಸೊಸೆಯ ಮೇಲೆಯೇ ಯಾಕೆ ಸಿಡಿಯುತ್ತದೆ ಎಂದು ಮಹಿಳಾ ಚಳವಳಿ ಕೇಳಿತು. ಒಂದೊಂದು ಕಾಗದ ಬಿಡಿಯಾಗಿದ್ದಾಗ ಅಪಘಾತ. ಒಟ್ಟಿಗೆ ಇಟ್ಟು ಎಣಿಸಿದಾಗ ಅಪರಾಧ. ಬಿಡಿಬಿಡಿ ದುಃಖವನ್ನು ಒಟ್ಟಿಗೆ ಇಟ್ಟು ನೋಡುವುದನ್ನೇ ನಾವು ತರಗತಿಯಲ್ಲಿ ಕಲಿಸುವುದು.

ಇನ್ನೊಂದು ಮಾತು ಎಲ್ಲ ಕಡೆ ಕೇಳುತ್ತೇನೆ: "ವರದಕ್ಷಿಣೆ ಹಿಂದಿನಿಂದ ಬಂದ ಪದ್ಧತಿ, ನಾವೇನು ಮಾಡೋಕಾಗುತ್ತೆ?" ಇಲ್ಲಿ ಕೂತಿರುವ ಹಿರಿಯರು ಹೇಳಲಿ. ನಿಮ್ಮ ಅಜ್ಜಿಯ ಮದುವೆಯಲ್ಲಿ ಯಾರು ಯಾರಿಗೆ ಕೊಟ್ಟರು? ಮೈಸೂರು ಸೀಮೆಯ ಎಷ್ಟೋ ಜಾತಿಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ತೆರ ಕೊಡುತ್ತಿದ್ದರು. ಮೈಸೂರಿನಲ್ಲೇ ಹುಟ್ಟಿ ಓದಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ 1942ರಲ್ಲೇ ಪುಸ್ತಕ ಬರೆದರು. ಈಗಿನ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದ ಮುಂದುವರಿಕೆ ಎನ್ನುವುದು ತಪ್ಪು ಎಂದು ಅವರು 1984ರಲ್ಲಿ ವಾದಿಸಿದರು. ಗಂಡುಮಕ್ಕಳು ಇಂಗ್ಲಿಷ್ ಓದಿ ಸಂಬಳದ ನೌಕರಿ ಹಿಡಿದ ಮೇಲೆ ಗಂಡಿಗೆ ಬೆಲೆ ಕಟ್ಟುವುದು ಬೆಳೆಯಿತು. ತೆರ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ, ಅಲ್ಲೂ ಹೆಣ್ಣಿಗೆ ಬೆಲೆ ಕಟ್ಟುತ್ತಿದ್ದರು. ನಾನು ಹೇಳುವುದು ಇಷ್ಟೇ: ನಮ್ಮ ಅಜ್ಜಿಯರ ಕಾಲದಿಂದ ನಮ್ಮ ಕಾಲಕ್ಕೆ ಪದ್ಧತಿ ತಿರುಗುಮುರುಗಾಗಿದೆ. ಮನುಷ್ಯರು ಬದಲಿಸಿದ್ದನ್ನು ಮನುಷ್ಯರೇ ಮತ್ತೆ ಬದಲಿಸಬಹುದು.

ಹಾಗಾದರೆ ಓದಿದರೆ ವರದಕ್ಷಿಣೆ ಹೋಗುತ್ತದೆಯೇ? ತಾನಾಗಿ ಹೋಗುವುದಿಲ್ಲ. ಬಿ.ಎ. ಓದಿದವಳಿಗೆ ಅವಳಿಗಿಂತ ಹೆಚ್ಚು ಓದಿದ ಗಂಡು ಹುಡುಕುತ್ತೀರಿ. ಹೆಚ್ಚು ಓದಿದವನ ರೇಟು ಹೆಚ್ಚು. ಪದವಿ ಬರೀ ಮದುವೆ ಮಾರ್ಕೆಟ್ಟಿನ ಚೀಟಿಯಾದರೆ ಅದು ಬೆಲೆ ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಮಗಳು ಪದವಿಯ ಜೊತೆಗೆ ಪ್ರಶ್ನೆಯನ್ನೂ ಮನೆಗೆ ತರಬೇಕು, ಮನೆಯವರು ಅದನ್ನು ಕೇಳಿಸಿಕೊಳ್ಳಬೇಕು.

ಅದಕ್ಕಾಗಿ ನಾನು ವಿದ್ಯಾರ್ಥಿನಿಯರಿಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ ಮನೆಯ ಮೂರು ತಲೆಮಾರಿನ ಮದುವೆಗಳನ್ನು ಬರೆಯಿರಿ. ಏನು ಕೊಟ್ಟರು, ಯಾರು ಕೊಟ್ಟರು, ಹಣ ಎಲ್ಲಿಂದ ಬಂತು, ಸಾಲ ತೀರಿದ್ದು ಯಾವಾಗ? ಅಜ್ಜಿಯ ಸಾಲಿನಲ್ಲಿ ತೆರ ಅಥವಾ ಬರೀ ಸೀರೆ-ಪಾತ್ರೆ. ತಾಯಿಯ ಸಾಲಿನಲ್ಲಿ ಉಂಗುರ, ವಾಚು. ಅಕ್ಕನ ಸಾಲಿನಲ್ಲಿ ಚಿನ್ನ, ಬೈಕು, ನಗದು. ಒಬ್ಬ ಹುಡುಗಿ ಕೊನೆಯ ಕಾಲಂನಲ್ಲಿ ಬರೆದಿದ್ದಳು: "ಅಮ್ಮನ ಸಂಘದ ಸಾಲ. ಇನ್ನೂ ತೀರಿಲ್ಲ."

ಅಕ್ಕಂದಿರೇ, ನಿಮ್ಮ ಮುಂದೆ ನಾನು ಇಡಬೇಕೆಂದಿದ್ದ ಮಾತು ಇದೇ. ಹಸುವಿಗೆ ಎಂದು ಬರೆಸಿ ತೆಗೆದ ಸಾಲ ಗಂಡಿನ ಮನೆಗೆ ಹೋದರೆ, ಜಾಮೀನು ನಿಂತ ನಾವೆಲ್ಲರೂ ಆ ವರದಕ್ಷಿಣೆ ಕೊಟ್ಟಂತೆ. ವಾರವಾರ ಹತ್ತು ಜನ ಹೆಂಗಸರು ಕೂಡಿಟ್ಟ ಹಣ ಹನ್ನೊಂದನೆಯವಳ ಮಗಳನ್ನು ಒದೆ ತಿನ್ನುವ ಮನೆಗೆ ಕಳಿಸಬಾರದು. ನೀವೂ ಈ ಲೆಕ್ಕ ಮಾಡಿ. ಸಂಘದ ಸಾಲದ ಪುಸ್ತಕ ತೆಗೆದು ಹೋದ ಐದು ವರ್ಷದಲ್ಲಿ ಎಷ್ಟು ಹಣ ನಿಜವಾಗಿ ಮದುವೆಗೆ ಹೋಯಿತು ಎಂದು ಕೂಡಿ ನೋಡಿ. ಯಾರನ್ನೂ ಬಯ್ಯುವುದಕ್ಕಲ್ಲ. ಎಲ್ಲರ ಮನೆಯಲ್ಲೂ ಒಂದೇ ಲೆಕ್ಕ ಬಂದರೆ ಯಾರೊಬ್ಬಳೂ ತಲೆ ತಗ್ಗಿಸಬೇಕಾಗಿಲ್ಲ. ಆಮೇಲೆ ವರದಕ್ಷಿಣೆಗೆ ಸಾಲವಿಲ್ಲ, ಮಗಳ ಓದಿಗೆ ಮೊದಲ ಸಾಲ ಎಂದು ಠರಾವು ಬರೆಯುವುದು ನಿಮ್ಮ ಕೈಯಲ್ಲಿದೆ.

ಕಾನೂನೂ ನಮ್ಮ ಬೆನ್ನಿಗಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. "ಕೊಟ್ಟ ನಾವೇ ಸಿಕ್ಕಿಬೀಳುತ್ತೇವೆ" ಎಂದು ಹೆದರಿ ಎಷ್ಟೋ ಜನ ಸುಮ್ಮನಾಗುತ್ತಾರೆ. ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಆ ಕಾಯಿದೆಯಡಿ ಕೇಸು ಹಾಕುವಂತಿಲ್ಲ ಎಂದು ಅದರಲ್ಲೇ ಇದೆ. 498ಎ ಎಂದು ನಾವು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ, ವರದಕ್ಷಿಣೆ ಸಾವಿನದು 80ನೇ ಕಲಮು. ಹೊಡೆತ ತಿನ್ನುವ ಮನೆಯಲ್ಲೇ ರಕ್ಷಣೆ ಕೇಳಲು 2005ರ ಕೌಟುಂಬಿಕ ಹಿಂಸೆ ಕಾಯಿದೆ ಇದೆ.

ಮುಂದಿನ ಸಲ ಮಗಳು "ಸಮಾಜಶಾಸ್ತ್ರ ತಗೋತೀನಿ" ಎಂದರೆ ಬೇಡ ಎನ್ನಬೇಡಿ. ಬಿ.ಎ. ಮುಗಿಯುವ ಮೊದಲೇ ಗಂಡು ಬಂತೆಂದು ಬಿಡಿಸಲೂ ಬೇಡಿ. ಸಂಜೆ ಅವಳ ಪುಸ್ತಕ ತೆಗೆಸಿ, ಇವತ್ತು ಏನು ಹೇಳಿಕೊಟ್ಟರು ಎಂದು ಕೇಳಿ. ಅದರಲ್ಲಿರುವುದು ನಿಮ್ಮ ಬದುಕಿನ ವಿಷಯವೇ. ಅವಳಿಗೆ ತಿಳಿಯದ ಎಷ್ಟೋ ನಿಮಗೆ ಗೊತ್ತಿದೆ, ಅದನ್ನು ಅವಳಿಗೆ ಹೇಳಿ.