ಹೆಬ್ಬೆಟ್ಟು ಒತ್ತುವ ಮೊದಲು ಓದಿ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕರೆಂಟು ಎಂದರೆ ನಮಗೆ ಮೊದಲು ನೆನಪಾಗುತ್ತಿದ್ದದ್ದು ತುಂಗಭದ್ರಾ ಅಣೆಕಟ್ಟು, ಮುನಿರಾಬಾದಿನ ವಿದ್ಯುದಾಗಾರ. ಈಗ ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆಗೆ ಹೋದರೆ ಹೊಲಗಳ ನಡುವೆ ಸಾಲಾಗಿ ಗಾಳಿ ಫ್ಯಾನುಗಳು ತಿರುಗುವುದು ಕಾಣುತ್ತದೆ. ನಾಳೆ ನಮ್ಮ ಹೊಲ ಕೇಳಿಕೊಂಡೂ ಯಾರಾದರೂ ಬರಬಹುದು. ಇದಕ್ಕೆ ಅನುಮತಿ ಕೊಡುವವರು ಯಾರು? ನಮ್ಮ ಮಾತಿಗೆ ಜಾಗ ಎಲ್ಲಿದೆ? ಇವೆರಡನ್ನೇ ಇಂದು ಹೇಳುತ್ತೇನೆ.

2003ರ ವಿದ್ಯುತ್ ಕಾಯಿದೆಯ ಪ್ರಕಾರ ವಿದ್ಯುತ್ ಉತ್ಪಾದಿಸಲು ಲೈಸೆನ್ಸ್ ಬೇಕಿಲ್ಲ. ಹಾಗೆಂದು ಕಟ್ಟುಪಾಡೇ ಇಲ್ಲವೆಂದಲ್ಲ. ರಾಜ್ಯದಲ್ಲಿ ಗಾಳಿ ಮತ್ತು ಸೌರ ಯೋಜನೆಗಳನ್ನು ನೋಡಿಕೊಳ್ಳಲು 1996ರಲ್ಲಿ ಕ್ರೆಡಲ್ ಎಂಬ ಸರ್ಕಾರಿ ನಿಗಮ ಹುಟ್ಟಿತು. ಉಳುಮೆಯ ಹೊಲ ಬೇರೆ ಬಳಕೆಗೆ ಹೋಗುವಾಗ ಭೂಕಂದಾಯ ಕಾಯಿದೆಯ 95ನೇ ಕಲಮು ಬರುತ್ತದೆ. ಕರೆಂಟಿನ ದರ ಮತ್ತು ಖರೀದಿ ಒಪ್ಪಂದಗಳನ್ನು 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನೋಡುತ್ತದೆ. ದರ ಏರಿಸುವ ಪ್ರಸ್ತಾವ ಬಂದಾಗ ಆಯೋಗದ ಮುಂದೆ ಸಾಮಾನ್ಯ ಗ್ರಾಹಕನೂ ಆಕ್ಷೇಪಣೆ ಸಲ್ಲಿಸಬಹುದು.

ಆದರೆ ಒಂದು ವ್ಯತ್ಯಾಸ ಗಮನಿಸಿ. ದೊಡ್ಡ ಕಲ್ಲಿದ್ದಲು ಸ್ಥಾವರ ಬರುವುದಾದರೆ 2006ರ ಪರಿಸರ ಅಧಿಸೂಚನೆಯಂತೆ ಊರವರ ಅಹವಾಲು ಸಭೆ ನಡೆಯಬೇಕು. ಗಾಳಿ, ಸೌರ ಯೋಜನೆಗಳಿಗೆ ಆ ಪರಿಸರ ಅನುಮತಿ ಬೇಕಿಲ್ಲ. ಹೊಗೆಯಿಲ್ಲ, ಬೂದಿಯಿಲ್ಲ, ಬಂಡವಾಳ ಬೇಗ ಬರಲಿ ಎಂಬುದು ಸರಿಯೇ. ಆದರೆ ಅದರ ಜೊತೆಗೆ ಊರವರು ಕುಳಿತು ಪ್ರಶ್ನೆ ಕೇಳುವ ಆ ಸಭೆಯೂ ಇಲ್ಲವಾಯಿತು. ಹೀಗಾಗಿ ರೈತನ ಕೈಯಲ್ಲಿ ಉಳಿಯುವ ದೊಡ್ಡ ರಕ್ಷಣೆ ಕರಾರು ಪತ್ರ.

ಪಾವಗಡವನ್ನೇ ನೋಡಿ. ಬರಪೀಡಿತ ತಾಲ್ಲೂಕು. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿತು. ಅಲ್ಲಿ ಹೊಲವನ್ನು ಖರೀದಿಸಲಿಲ್ಲ, ಲೀಸಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಒಡೆತನ ರೈತನಲ್ಲೇ ಉಳಿಯಿತು. ಇದು ಒಳ್ಳೆಯ ಪಾಠ. ಆದರೆ ಹೊಲವಿಲ್ಲದ ಕೂಲಿಯವರಿಗೆ ಬಾಡಿಗೆ ಬರಲಿಲ್ಲ, ಕಳೆ ಕೀಳುವ ಕೆಲಸವೂ ಹೋಯಿತು. ಕುರಿ ಮೇಯಿಸುವ ಜಾಗವೂ ಬೇಲಿಯೊಳಗಾಯಿತು. ಇದು ಇನ್ನೊಂದು ಪಾಠ.

ಫ್ಯಾನು ಬೇರೆಯವರ ಹೊಲದಲ್ಲಿದ್ದರೂ ಲೈನು ನಮ್ಮ ಹೊಲದ ಮೇಲೆ ಹಾಯಬಹುದು. ಟವರ್ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಶೇ. 15 ಪರಿಹಾರ ಎಂದು ಕೇಂದ್ರ ಇಂಧನ ಸಚಿವಾಲಯ 2015ರಲ್ಲಿ ಮಾರ್ಗಸೂಚಿ ಹೊರಡಿಸಿತ್ತು. 2024ರ ಜೂನ್‌ನಲ್ಲಿ ಅದನ್ನು ಶೇ. 200 ಮತ್ತು ಶೇ. 30ಕ್ಕೆ ಏರಿಸಿತು. ಇದನ್ನು ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟದ್ದು. ಆದರೂ ಈ ಅಂಕಿ ಗೊತ್ತಿದ್ದರೆ ತಹಶೀಲ್ದಾರರ ಮುಂದೆ ಧೈರ್ಯವಾಗಿ ಕೇಳಬಹುದು.

ಕರಾರಿನಲ್ಲಿ ನಾಲ್ಕು ವಿಷಯ ನೋಡಿ: ಎಷ್ಟು ವರ್ಷ, ಬಾಡಿಗೆ ಹೇಗೆ ಏರುತ್ತದೆ, ಕಂಪನಿ ಕೈ ಬದಲಾದರೆ ಹೊಣೆ ಯಾರದು, ಅವಧಿ ಮುಗಿದ ಮೇಲೆ ಕಾಂಕ್ರೀಟು ಕಿತ್ತು ಹೊಲ ಬಿಟ್ಟುಕೊಡುವವರು ಯಾರು. ಪತ್ರ ಕನ್ನಡದಲ್ಲಿರಲಿ, ನೋಂದಣಿಯಾಗಲಿ, ಒಂದು ಪ್ರತಿ ಮನೆಯಲ್ಲಿರಲಿ.

ಮಕ್ಕಳೇ, ಐವತ್ತು ವರ್ಷದಿಂದ ಈ ಶಾಲೆ ಓದು ಕಲಿಸಿದೆ. ನಿಮ್ಮ ಅಪ್ಪನೋ ಅಜ್ಜನೋ ಹೆಬ್ಬೆಟ್ಟು ಒತ್ತುವ ಮೊದಲು ಆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ. ನಿಮಗೆ ಅಕ್ಷರ ಕಲಿಸಿದ ಗುರುಗಳಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಬೇಕಿಲ್ಲ.